ಟನ್ನಿಗೆ ಎಷ್ಟು ಹೊಗೆ

ನಿವೃತ್ತಿಯಾದ ಮೇಲೆ ನನ್ನನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ಭಾಷಣಕ್ಕೆ ಕರೆಯತೊಡಗಿದ್ದಾರೆ. ಶಾಲು ಹೊದಿಸುತ್ತಾರೆ, ಕೈಗೊಂದು ತೆಂಗಿನಕಾಯಿ ಕೊಡುತ್ತಾರೆ, ಎನರ್ಜಿ ಆಡಿಟರ್ ಆಗಬೇಕಾದರೆ ಏನೇನು ಓದಬೇಕು ಎಂದು ಕೇಳುತ್ತಾರೆ. ಓದಬೇಕಾದ್ದನ್ನು ಅವರ ಮೇಷ್ಟರುಗಳೇ ಹೇಳಿಯಾರು. ಓದಿ ಬಂದ ಮೇಲೆ ಏನಾಗುತ್ತದೆ ಎನ್ನುವುದನ್ನು ಹೇಳೋಣವೆಂದರೆ ಆ ಸಭೆಗಳಲ್ಲಿ ನನಗೆ ಬಾಯಿ ಬರುವುದಿಲ್ಲ; ಶಾಲು ಹೊದ್ದುಕೊಂಡು ಗೋಳು ಹೇಳಿಕೊಂಡರೆ ಯಾರಿಗೆ ಚಂದ? ಅದಕ್ಕೇ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಮ್ಮೇಳನಕ್ಕೆ ಹೋಗಿ ಬಂದೆ ಎಂಬುದು ಇದರಲ್ಲಿಲ್ಲ. ಇರುವುದು ಬಹುಪಾಲು ಪುಣೆಯ ಹತ್ತಿರದ ಭೋಸರಿಯಲ್ಲಿ ಕಬ್ಬಿಣದ ಎರಕ ಹೊಯ್ಯುತ್ತಿದ್ದ ಒಂದು ಸಣ್ಣ ಫೌಂಡ್ರಿಯ ಕಥೆ. ಆ ಫೌಂಡ್ರಿ ಉಳಿಯಲಿ ಎಂದು ನಾನು ಪಟ್ಟ ಪಾಡು, ಮಾಡಿದ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚಾಗಿ ಈಗ ನೆನಪಾಗುತ್ತದೆ.

ನಮ್ಮ ಕೆಲಸ ಏನೆಂದರೆ, ಕಾರ್ಖಾನೆಗೆ ಹೋಗುವುದು; ಅಲ್ಲಿ ಎಷ್ಟು ಇದ್ದಲು, ಎಷ್ಟು ಎಣ್ಣೆ, ಎಷ್ಟು ಕರೆಂಟು ಖರ್ಚಾಯಿತು, ಅದರಿಂದ ಎಷ್ಟು ಮಾಲು ತಯಾರಾಯಿತು, ಸುಮ್ಮನೆ ಹೊಗೆಯಾಗಿ ಹೋದದ್ದೆಷ್ಟು ಎಂದು ಅಳೆದು, ಉಳಿತಾಯದ ದಾರಿ ಹೇಳುವುದು. ನಾನು ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದು ಈ ಕೆಲಸಕ್ಕೆ ಸೇರಿದಾಗ ನಮ್ಮ ಅತ್ತೆ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು: "ನಮ್ಮ ವಿಮಲಾ ಊರ ಮಂದಿ ಹೊಗಿ ನೋಡ್ಲಿಕ್ಕೆ ಹೋಗ್ತಾಳ ನೋಡ್ರಿ. ಮನ್ಯಾಗ ಒಲಿ ಮ್ಯಾಲ ಹಾಲು ಉಕ್ಕಿದ್ದು ಮಾತ್ರ ಆಕಿಗೆ ಕಾಣಂಗಿಲ್ಲ." ಮಾತು ಸುಳ್ಳೇನಲ್ಲ. ನಮ್ಮ ಮನೆಯ ಹಾಲು ಬಹಳ ಸಲ ಉಕ್ಕಿದೆ.

ಆಗ ಹೊಗೆ ಅಳೆಯುವ ಸಾಧನವೆಂದರೆ ಗಾಜಿನ ಕೊಳವೆಗಳ ಒಂದು ಪೆಟ್ಟಿಗೆ. ಕೊಳವೆಗಳಲ್ಲಿ ದ್ರಾವಣ ತುಂಬಿ, ಚಿಮ್ನಿಯ ಅನಿಲವನ್ನು ಅದರೊಳಗೆ ಹಾಯಿಸಿ ನೋಡಬೇಕು. ಆ ಪೆಟ್ಟಿಗೆಯನ್ನು ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಾಣಂತಿಯ ಹಾಗೆ ಪ್ರಯಾಣ ಮಾಡುತ್ತಿದ್ದೆ. ಒಂದು ಸಲ ನಾಶಿಕ್ ಫಾಟಾದ ಹತ್ತಿರ ಡ್ರೈವರು ಬ್ರೇಕು ಹಾಕಿದ ರಭಸಕ್ಕೆ ಕೊಳವೆಗಳು ಒಡೆದು, ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಒಂಬತ್ತು ಗಜದ ಸೀರೆಗೆ ದ್ರಾವಣ ಚೆಲ್ಲಿತು. ಇಡೀ ಬಸ್ಸು ಮರಾಠಿಯಲ್ಲಿ ನನ್ನ ಜಾತಕ ಓದಿತು. ಈಗಿನವರು ಮೊಬೈಲು ಗಾತ್ರದ ಯಂತ್ರದ ಕಡ್ಡಿಯನ್ನು ಚಿಮ್ನಿಗೆ ತೂರಿಸುತ್ತಾರೆ, ಇನ್ನೂ ಹೊಸಬರು ಕಾರ್ಖಾನೆಗೇ ಹೋಗುವುದಿಲ್ಲ, ಲೆಕ್ಕ ತಾನಾಗಿ ಆಫೀಸಿನ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಅನುಕೂಲವೇ. ಆದರೆ ಹೋಗದೇ ಇದ್ದರೆ ಗೊತ್ತಾಗದ ಸಂಗತಿಗಳು ಭಾಳ ಇವೆ, ಅದಕ್ಕೆ ನನ್ನದೇ ಒಂದು ಫಜೀತಿಯನ್ನು ಹೇಳುತ್ತೇನೆ.

ನಿಗಡಿಯಲ್ಲಿ ನಮ್ಮ ಮನೆಯ ಹತ್ತಿರವೇ ಕುಂದಾಪುರದ ಕಡೆಯ ಶೆಟ್ಟರ ಹೋಟೆಲಿತ್ತು. ಸೌದೆ ಒಲೆಯ ಹೊಗೆ ಅಕ್ಕಪಕ್ಕದವರು ಒಣಹಾಕಿದ ಬಟ್ಟೆಗೆಲ್ಲ ಹತ್ತುತ್ತದೆ ಎಂದು ಜಗಳವಾಗಿ, ಶೆಟ್ಟರು ನನ್ನನ್ನು ಕರೆದರು. ನಾನು ಒಲೆ ನೋಡಿದೆ, ಸೌದೆ ತೂಗಿದೆ, ಗ್ಯಾಸು ಹಾಕಿಸಿ, ಇಡ್ಲಿ ಸಾಂಬಾರಿಗೆಲ್ಲ ಹಬೆಯ ವ್ಯವಸ್ಥೆ ಮಾಡಿಸಿಕೊಳ್ಳಿ ಎಂದು ಬರೆದುಕೊಟ್ಟೆ. ಶೆಟ್ಟರು ಹಾಗೆಯೇ ಮಾಡಿಸಿದರು. ಕೆಲವು ವಾರ ಬಿಟ್ಟು ಕಾಫಿಗೆ ಹೋದಾಗ ಗಲ್ಲಾದಿಂದಲೇ ಕೈಮುಗಿದರು.

"ಹೊಗೆ ಹೋಯ್ತು ಮೇಡಂ. ಬಿಸಿನೀರೂ ಹೋಯ್ತು."

ಒಲೆಯ ಹಿಂದೆ ಗೋಡೆಯಾಚೆ ಒಂದು ಡ್ರಮ್ಮಿತ್ತಂತೆ. ಹೊಗೆ ಅದನ್ನು ಬಳಸಿಕೊಂಡೇ ಮೇಲೆ ಹೋಗುತ್ತಿತ್ತು. ಹುಡುಗರ ಸ್ನಾನ, ಪಾತ್ರೆ ತೊಳೆಯುವುದು ಎಲ್ಲ ಆ ನೀರಿನಲ್ಲೇ. ನಾನು ಗೋಡೆಯಾಚೆ ಇಣುಕಿರಲಿಲ್ಲ. "ಈಗ ಎರಡು ಗೀಸರ್ ಹಾಕಿಸಿದ್ದೇನೆ, ಎಂತ ಮಾಡುದು?" ಎಂದರು ಶೆಟ್ಟರು. ಮುಂದಿನ ವರ್ಷ, ಹೇಗೂ ಅಡುಗೆ ಸಲೀಸಾಯಿತೆಂದು ಮಹಡಿಯ ಮೇಲೆ ಎ.ಸಿ. ಹಾಕಿಸಿ ಫ್ಯಾಮಿಲಿ ರೂಮು ತೆರೆದರು. ಉದ್ಘಾಟನೆಗೆ ನನ್ನನ್ನೇ ಕರೆದಿದ್ದರು. ರಿಬ್ಬನ್ ಕತ್ತರಿಸುವಾಗ ಚಪ್ಪಾಳೆಯ ನಡುವೆ ನನ್ನ ತಲೆಯಲ್ಲಿ ಗೀಸರು, ಎ.ಸಿ., ಫ್ರಿಜ್ಜುಗಳ ಯೂನಿಟ್ಟು ಕೂಡುತ್ತಾ ಹೋಗುತ್ತಿತ್ತು. ಸೌದೆಯ ದಿನಗಳಿಗಿಂತ ಶೆಟ್ಟರ ಹೋಟೆಲು ಹೆಚ್ಚೇ ಸುಡುತ್ತಿತ್ತು, ಬೇರೆ ಊರಿನ ವಿದ್ಯುತ್ ಸ್ಥಾವರದಲ್ಲಿ. ಹೊಗೆ ನಿಗಡಿಯಲ್ಲಿ ಕಾಣುತ್ತಿರಲಿಲ್ಲ, ಅಷ್ಟೇ.

ಇದನ್ನು ಆಫೀಸಿನಲ್ಲಿ ಹೇಳಿದಾಗ ನಮ್ಮ ಹಿರಿಯರಾದ ದೇಶಮುಖ ಸಾಹೇಬರು ಬಿದ್ದು ಬಿದ್ದು ನಕ್ಕರು. ದೇಶಮುಖರು ಈ ಕೆಲಸದಲ್ಲಿ ನನ್ನ ಗುರುಗಳು. ಚಿಮ್ನಿಯ ಹೊಗೆಯ ಬಣ್ಣ ನೋಡಿ ಒಳಗಿನ ಬೆಂಕಿಯ ಗುಣ ಹೇಳುತ್ತಿದ್ದ ಮನುಷ್ಯ. ಅವರದೊಂದೇ ಮಂತ್ರ: ಟನ್ನಿಗೆ ಎಷ್ಟು. ಒಂದು ಟನ್ ಕಬ್ಬಿಣಕ್ಕೆ ಎಷ್ಟು ಇದ್ದಲು, ಒಂದು ಟನ್ ಹಬೆಗೆ ಎಷ್ಟು ಎಣ್ಣೆ. ಆ ಅಂಕಿ ಇಳಿದರೆ ನಮ್ಮ ಕೆಲಸ ಆಯಿತು. ಒಟ್ಟು ಎಷ್ಟು ಸುಟ್ಟರು ಎನ್ನುವುದು ಮಾಲೀಕರಿಗೂ ದೇಶಕ್ಕೂ ಬಿಟ್ಟದ್ದು.

ಇನ್ನು ಈರಣ್ಣನವರ ವಿಷಯಕ್ಕೆ ಬರುತ್ತೇನೆ. ಅವರ ತಂದೆ ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಅಚ್ಚು ಹಾಕುವುದನ್ನು ಕಲಿತು, ಭೋಸರಿಗೆ ಬಂದು ಸ್ವಂತ ಭಟ್ಟಿ ಕಟ್ಟಿದವರು. ಈರಣ್ಣ ಓದಿದ್ದು ಅಷ್ಟಕ್ಕಷ್ಟೆ, ಆದರೆ ಫೌಂಡ್ರಿಯನ್ನು ಅಚ್ಚುಕಟ್ಟಾಗಿ ನಡೆಸುತ್ತಿದ್ದರು. ನೀರಿನ ಪಂಪಿನ ಬಾಡಿಗಳು, ಗಾಡಿಗಳ ಬ್ರೇಕಿಗೆ ಹಾಕುವ ಬೀಡು ಕಬ್ಬಿಣದ ತುಂಡುಗಳು ಅಲ್ಲಿ ತಯಾರಾಗುತ್ತಿದ್ದವು. ನಾನು ಮೊದಲ ಸಲ ಪೆಟ್ಟಿಗೆ ಹಿಡಿದು ಹೋದ ದಿನ ಗೇಟಿನಲ್ಲೇ ತಡೆದರು.

"ಬರ್ರಿ ಅಕ್ಕಾರ. ಹೊಗಿ ಅಳ್ಯಾಕ ಬಂದೀರೇನ್ರಿ? ಇವತ್ತ ಬ್ಯಾಡ್ರಿ. ಇವತ್ತ ಭಟ್ಟಿ ಐತಿ, ಭಾಳ ಹೊಗಿ ಇರತೈತಿ. ನಾಳೆ ಬರ್ರಿ, ಒಂಚೂರೂ ಇರಂಗಿಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ಮನೆಗೆ ಬರುವವರಿಗೆ ಕಸ ಗುಡಿಸಿದ ಅಂಗಳ ತೋರಿಸಬೇಕು ಎನ್ನುವ ಮರ್ಯಾದೆ ಅದು. "ಈರಣ್ಣನವ್ರ, ಹೊಗಿ ಇಲ್ಲದ ದಿನ ಬಂದು ನಾ ಏನು ಅಳೀಲಿ?" ಎಂದು ನಗುತ್ತಾ ಒಳಗೆ ಹೋದೆ.

ಅಲ್ಲಿನ ಪದ್ಧತಿ ಹೀಗಿತ್ತು. ವಾರವೆಲ್ಲ ಮರಳಿನ ಅಚ್ಚುಗಳನ್ನು ಕಟ್ಟಿ ಸಾಲಾಗಿ ಇಡುವುದು. ವಾರಕ್ಕೆ ಎರಡೇ ದಿನ ಭಟ್ಟಿ ಹೊತ್ತಿಸುವುದು. ಭಟ್ಟಿ ಎಂದರೆ ಎತ್ತರದ ಕಬ್ಬಿಣದ ಗೂಡು. ತಳದಲ್ಲಿ ಕೋಕ್ ಇದ್ದಲಿನ ಹಾಸಿಗೆ ಹಾಕಿ ಹೊತ್ತಿಸಿ, ಮೇಲಿನಿಂದ ಕಬ್ಬಿಣದ ಚೂರು, ಮತ್ತೆ ಕೋಕ್, ಮತ್ತೆ ಕಬ್ಬಿಣ ಎಂದು ಸುರಿಯುತ್ತಾರೆ. ಕೆಳಗೆ ಕೆಂಪಗೆ ಕರಗಿ ಹರಿದದ್ದನ್ನು ಇಬ್ಬಿಬ್ಬರು ಹೊತ್ತು ಓಡಿ ಅಚ್ಚುಗಳಿಗೆ ಎರೆಯುತ್ತಾರೆ. ಎಲ್ಲ ಮುಗಿದ ಮೇಲೆ ಭಟ್ಟಿಯ ತಳ ಬಿಚ್ಚಿ ಉಳಿದ ಬೆಂಕಿಯನ್ನು ನೆಲಕ್ಕೆ ಇಳಿಸಿ ನೀರು ಹೊಡೆದು, ಕೈಕಾಲು ತೊಳೆದು, ಎಲ್ಲರೂ ಒಟ್ಟಿಗೆ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ತಿನ್ನಲು ಕೂಡುವುದು. ಭಟ್ಟಿಯ ದಿನ ಮಾಲೀಕನೂ ಅದೇ ಸಾಲಿನಲ್ಲಿ ಕೂಡಬೇಕು ಎಂಬುದು ಈರಣ್ಣನವರ ಅಪ್ಪ ಹಾಕಿದ ನಿಯಮ. ನನಗೂ ಒಂದು ತಾಟು ಇಟ್ಟರು. ಇಂಡಿ ಕಡೆಯಿಂದ ಬಂದ ಅಚ್ಚು ಕಟ್ಟುವವರು, ಸೋಲಾಪುರದವರು, ಬೆಳಗಾವಿಯವರು, ಎಲ್ಲರ ಮುಖದಲ್ಲೂ ಮದುವೆಯ ಕೆಲಸ ಮುಗಿಸಿದವರ ದಣಿವು ಮತ್ತು ಸಂತೋಷವಿತ್ತು.

ನನ್ನ ಲೆಕ್ಕ ಮಾತ್ರ ಕೆಟ್ಟದಾಗಿ ಬಂತು. ಪ್ರತಿ ಸಲ ಹೊತ್ತಿಸುವಾಗ ತಳದ ಹಾಸಿಗೆಗೇ ಅಷ್ಟೊಂದು ಕೋಕ್ ಹೋಗುತ್ತದೆ. ಎರಡು ರೊಟ್ಟಿ ಬೇಯಿಸಲು ದೊಡ್ಡ ಒಲೆ ಹೊತ್ತಿಸಿದ ಹಾಗೆ. ಇಡೀ ಭೋಸರಿಯಲ್ಲಿ ಅತಿ ಕಡಿಮೆ ಸುಡುವ ಫೌಂಡ್ರಿಗಳಲ್ಲಿ ಅದೂ ಒಂದು. ಆದರೆ ಟನ್ನಿಗೆ ಎಷ್ಟು ಎಂದು ಕೇಳಿದರೆ ಅದರ ಹೆಸರು ಎಲ್ಲರಿಗಿಂತ ಕೆಳಗೆ. ಭಟ್ಟಿಗೆ ಗಾಳಿ ಹೋಗುವ ರಂಧ್ರಗಳನ್ನು ಎರಡು ಸಾಲು ಮಾಡಿಸಿದೆವು, ಕೋಕ್ ತೂಗಿ ಹಾಕುವುದನ್ನು ಕಲಿಸಿದೆವು. ಅಂಕಿ ಸ್ವಲ್ಪ ಇಳಿಯಿತು. ಈರಣ್ಣ ಊರಿಗೆ ಹೋದಾಗ ನನಗಾಗಿ ಕುಂದಾ ತಂದರು, ಅತ್ತೆಗೂ ಬೇರೆ ಡಬ್ಬಿ.

ಗುರುವಾರದ ವಿಷಯ ಇಲ್ಲೇ ಹೇಳಿಬಿಡಬೇಕು. ಭೋಸರಿ, ಪಿಂಪ್ರಿ ಕಡೆಯ ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರವಲ್ಲ, ಗುರುವಾರ. ಇದ್ದ ಕರೆಂಟನ್ನು ಹಂಚಿ ತಿನ್ನಬೇಕಿದ್ದ ಕಾಲದಲ್ಲಿ ಹೀಗೆ ಬಂದ ಪದ್ಧತಿ. ನಮ್ಮ ಮನೆಯವರಿಗೆ ಬ್ಯಾಂಕು, ಭಾನುವಾರ ರಜೆ, ನನಗೆ ಗುರುವಾರ. ನಾವು ಗಂಡ ಹೆಂಡತಿ ಒಟ್ಟಿಗೆ ಮನೆಯಲ್ಲಿ ಇರುವುದು ದೀಪಾವಳಿಗೆ ಮಾತ್ರ ಎಂದು ಅವರು ಚೇಷ್ಟೆ ಮಾಡುತ್ತಿದ್ದರು. ಆದರೂ ಗುರುವಾರ ನನಗೆ ಇಷ್ಟವಾಗಿತ್ತು. ಆ ದಿನ ಗಚ್ಚಿಯ ಮೇಲೆ ನಿಂತರೆ ಗಾಳಿ ತಿಳಿಯಾಗಿ ದೂರದ ಗುಡ್ಡದ ಸಾಲು ಕಾಣುತ್ತಿತ್ತು. ಈರಣ್ಣನ ಫೌಂಡ್ರಿಯವರು ಗುರುವಾರ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಜಾರಕ್ಕೆ ಹೋಗುತ್ತಿದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಹೀಗಿರುವಾಗ ಬ್ರೇಕಿನ ತುಂಡು ಕೊಳ್ಳುತ್ತಿದ್ದ ದೊಡ್ಡ ಕಂಪನಿಯಿಂದ ಒಂದು ಪ್ರಶ್ನೆ ಬಂತು. ಆ ಕಂಪನಿಯ ಗಿರಾಕಿಗಳು ಹೊರದೇಶದವರು. ಅವರು ಇವರನ್ನು ಕೇಳಿದರು, ಇವರು ಈರಣ್ಣನನ್ನು ಕೇಳಿದರು: ಒಂದು ಟನ್ ಎರಕ ಹೊಯ್ದರೆ ನಿಮ್ಮ ಚಿಮ್ನಿಯಿಂದ ಹೋಗುವ ಇಂಗಾಲ ಎಷ್ಟು? ಇಳಿಸಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಈರಣ್ಣ ಸ್ಕೂಟರು ಹೊಡೆದುಕೊಂಡು ನೇರ ನಮ್ಮ ಆಫೀಸಿಗೆ ಬಂದರು. ಕೂಡ್ರಿ ಎಂದರೂ ಕೂಡಲಿಲ್ಲ.

"ಅಕ್ಕಾರ, ಈ ಒಬ್ಬ ಗಿರಾಕಿ ಹ್ವಾದ್ರ ಫೌಂಡ್ರಿ ಬಾಗಲಾ ಹಾಕಬೇಕ್ರಿ. ಅಪ್ಪ ಕಟ್ಟಿದ್ದು. ಮುಚ್ಚಿದೆ ಅಂತ ಊರಾಗ ಹ್ಯಾಂಗ ಹೇಳ್ಲಿ? ನನ್ನ ನಂಬಿದ ಮಂದಿ ಎಲ್ಲಿಗೆ ಹೋಗ್ಬೇಕು? ಏನರೆ ದಾರಿ ಹೇಳ್ರಿ."

ದಾರಿ ಇತ್ತು. ಕೋಕ್ ಭಟ್ಟಿ ತೆಗೆದು ಕರೆಂಟಿನ ಭಟ್ಟಿ ಹಾಕುವುದು. ಕರೆಂಟಿನ ಭಟ್ಟಿಗೆ ಚಿಮ್ನಿಯೇ ಇಲ್ಲ, ಇಂಗಾಲ ಎಲ್ಲಿಂದ ಬರಬೇಕು? ಆದರೆ ಅದಕ್ಕೊಂದು ಕರಾರು. ಆ ಭಟ್ಟಿಯನ್ನು ಮೇಲಿಂದ ಮೇಲೆ ಆರಿಸಿದರೆ ಒಳಗಿನ ಲೇಪ ಬಿರುಕು ಬಿಡುತ್ತದೆ, ಮತ್ತೆ ಕಾಯಿಸಲು ದಂಡವಾಗಿ ಕರೆಂಟು ಬೇಕು. ಆದ್ದರಿಂದ ವಾರಕ್ಕೆ ಎರಡು ದಿನದ ಪದ್ಧತಿ ನಡೆಯುವುದಿಲ್ಲ, ದಿನಾ ಕರಗಿಸಬೇಕು.

"ದಿನಾ ಕರಗಿಸಿದ್ರ ಅಷ್ಟ ಮಾಲ ಯಾರಿಗೆ ಕೊಡೂದ್ರಿ?" ಎಂದು ಈರಣ್ಣ ಕೇಳಿದರು.

"ಟನ್ನಿನ ಲೆಕ್ಕ ಚಲೋ ಬಂದ್ರ ಆರ್ಡರು ತಾವಾಗೇ ಬರ್ತಾವ" ಎಂದೆ. ದೇಶಮುಖರೂ ಅದನ್ನೇ ಹೇಳಿದರು. ಗಾಡಿಗಳು ಪುಣೆಯ ರಸ್ತೆಗಳಲ್ಲಿ ತುಂಬಿ ತುಳುಕತೊಡಗಿದ ವರ್ಷಗಳವು. ಯಾರನ್ನು ಕೇಳಿದರೂ ಬೆಳವಣಿಗೆಯ ಮಾತು. ನಾವು ಹೇಳಿದ್ದು ನಿಜವೇ ಆಯಿತು. ಹೊಸ ಭಟ್ಟಿ ಬಂತು, ಆರ್ಡರು ಬಂದವು. ಹಳೆಯ ಭಟ್ಟಿಯ ಕಬ್ಬಿಣದ ಗೂಡನ್ನು ಕತ್ತರಿಸಿ, ಹೊಸ ಭಟ್ಟಿಯಲ್ಲೇ ಹಾಕಿ ಕರಗಿಸಿದರು. ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು, ಗಿರಾಕಿ ಕಂಪನಿ ಹಸಿರು ಬಣ್ಣದ ಫಲಕ ಕೊಟ್ಟಿತು, ಫಲಕದ ಪಕ್ಕ ನನ್ನನ್ನೂ ನಿಲ್ಲಿಸಿ ಫೋಟೋ ತೆಗೆದರು. ಸುಳ್ಳು ಯಾಕೆ ಹೇಳಲಿ, ಹಿರಿಹಿರಿ ಹಿಗ್ಗಿದ್ದೆ.

ಒಂದು ಮುಸ್ಸಂಜೆ ಅಚ್ಚು ಕಟ್ಟುವ ಸಿದ್ದಪ್ಪನ ಮನೆಗೆ ಹೋಗಬೇಕಾಯಿತು. ಅವನ ಹೆಂಡತಿ ಮಹಾದೇವಿ ಹೊಸ ಫ್ರಿಜ್ಜಿನಿಂದ ತಣ್ಣಗಿನ ನೀರು ತೆಗೆದುಕೊಟ್ಟಳು. ಏಪ್ರಿಲ್ ತಿಂಗಳು, ತಗಡಿನ ಮಾಡು, ಮೇಲೊಂದು ಫ್ಯಾನು. "ಹ್ವಾದ ವರ್ಷದ ತನಕ ಕೂಸು ರಾತ್ರಿ ಮಲಗ್ತಿದ್ದಿಲ್ರಿ. ಈಗ ಫ್ಯಾನಿನ ಕೆಳಗ ನಿದ್ದಿ ಹತ್ತೇತಿ" ಎಂದಳು. ಫೌಂಡ್ರಿ ಬೆಳೆದದ್ದರಿಂದ ಬಂದ ಫ್ರಿಜ್ಜು, ಫ್ಯಾನು ಅವು. ಆ ನೀರು ಕುಡಿದ ನಾನು ಯಾವ ಬಾಯಿಂದ ಆ ಮನೆಗೆ ಬೆಳೆಯಬೇಡಿ ಎಂದು ಹೇಳಲಿ? ಇಂದಿಗೂ ಹೇಳಲಾರೆ. ನಮ್ಮ ಕೆಲಸದ ಕಷ್ಟ ಇರುವುದೇ ಅಲ್ಲಿ, ಹೊಸಬರು ಇದನ್ನು ಮೊದಲೇ ತಿಳಿದಿರಲಿ.

ಗುರುವಾರ ಹೋಯಿತು. ಭಟ್ಟಿ ಆರಬಾರದಲ್ಲ, ಅದಕ್ಕೆ ಪಾಳಿ ಹಾಕಿದರು. ಒಬ್ಬರಿಗೆ ಸೋಮವಾರ ರಜೆ, ಇನ್ನೊಬ್ಬರಿಗೆ ಶನಿವಾರ. ಸಾಲಿನಲ್ಲಿ ಕೂತು ತಿನ್ನುವುದೂ ನಿಂತಿತು, ಏಕೆಂದರೆ ಭಟ್ಟಿಯ ದಿನ ಎಂಬುದೇ ಉಳಿಯಲಿಲ್ಲ, ಎಲ್ಲ ದಿನವೂ ಭಟ್ಟಿಯ ದಿನವೇ. ಮಹಾದೇವಿಯ ಮನೆಯಲ್ಲಿ ಫ್ರಿಜ್ಜು ಬಂದಿತ್ತು, ಅವಳೂ ಗಂಡನೂ ಒಟ್ಟಿಗೆ ಬಜಾರಕ್ಕೆ ಹೋಗುವ ದಿನ ಹೋಗಿತ್ತು.

ಆ ವರ್ಷದ ವರದಿ ಬರೆಯುವಾಗ ನಾನು ಕೊನೆಗೊಂದು ಸಾಲು ಸೇರಿಸಿದೆ. ಈರಣ್ಣನ ಭಟ್ಟಿಗೆ ಬರುವ ಕರೆಂಟು ವಿದರ್ಭದ ಕಡೆ ಕಲ್ಲಿದ್ದಲು ಸುಟ್ಟು ಮಾಡಿದ್ದು. ಅದನ್ನೂ ಹಿಡಿದರೆ ಟನ್ನಿನ ಲೆಕ್ಕದಲ್ಲಿ ಉಳಿತಾಯ ಅಲ್ಪ. ಕರಗಿಸುವ ಕಬ್ಬಿಣ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಒಟ್ಟು ಇಂಗಾಲ ಏರಿದೆ. ಇಷ್ಟೇ ಬರೆದದ್ದು. ದೇಶಮುಖರು ಕೆಂಪು ಪೆನ್ಸಿಲಿನಿಂದ ಆ ಸಾಲಿನ ಮೇಲೆ ಗೆರೆ ಎಳೆದರು. ನಾನು ವಾದಕ್ಕೆ ನಿಂತೆ. ಅವರು ಸಿಟ್ಟಾಗಲಿಲ್ಲ, ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದರು: "ವಿಮಲಾಬಾಯಿ, ಉಂಡು ಎದ್ದವರು ಕೈ ತೊಳೆದುಕೊಂಡು ಬಂದು ಅನ್ನ ಕಡಿಮೆ ಬಡಿಸಿ ಅಂತಾರೆ. ನಮ್ಮ ದೇಶ ಈಗಷ್ಟೇ ಪಂಕ್ತಿಗೆ ಕೂತಿದೆ. ಎದ್ದೇಳು ಅಂತ ನಾವು ಹೇಳೋದಾ? ಚೆಲ್ಲದೆ ಉಣ್ಣು ಅಂತ ಹೇಳೋಣ. ಅಷ್ಟೇ ನಮ್ಮ ಕೆಲಸ."

ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಆ ಸಾಲಿನಲ್ಲೂ ನ್ಯಾಯವಿತ್ತು. ಮುಂದಿನ ವರ್ಷ ಮತ್ತೆ ಬರೆದೆ, ಮತ್ತೆ ಗೆರೆ ಬಿತ್ತು. ಕಡೆಗೆ ಅದು ನಮ್ಮಿಬ್ಬರ ನಡುವೆ ಹಬ್ಬದ ಪದ್ಧತಿಯ ಹಾಗಾಯಿತು. ವರದಿ ಕೈಗೆ ಕೊಡುವಾಗಲೇ "ಎಲ್ಲಿ, ನಿಮ್ಮ ಸಾಲು?" ಎಂದು ಪೆನ್ಸಿಲು ಹುಡುಕುತ್ತಿದ್ದರು.

ಹಡಪಸರದಲ್ಲಿ ಐ.ಟಿ. ಕಂಪನಿಗಳ ಗಾಜಿನ ಕಟ್ಟಡಗಳು ಎದ್ದಾಗಲೂ ಇದೇ ಕಥೆ. ಒಂದು ಕಟ್ಟಡಕ್ಕೆ ಚದರಡಿಯ ಲೆಕ್ಕದಲ್ಲಿ ಮಿತವ್ಯಯದ ಪ್ರಶಸ್ತಿ ಬಂತು. ಒಳಗೆ ಕಿಟಕಿ ತೆರೆಯುವ ಹಾಗೇ ಇರಲಿಲ್ಲ. ಪುಣೆಯ ಡಿಸೆಂಬರಿನ ಹವೆ ಹೊರಗೆ ತಣ್ಣಗೆ ಬೀಸುತ್ತಿದ್ದರೆ ಒಳಗೆ ಎ.ಸಿ. ಓಡುತ್ತಿತ್ತು. ಚಳಿಗೆ ಸ್ವೆಟರು ಹಾಕಿಕೊಂಡು ಕೂತ ಹುಡುಗಿಯರನ್ನು ನೋಡಿ, ಕಿಟಕಿಗೆ ಒಂದು ಚಿಲಕ ಇಡಿ ಎಂದು ಬರೆದೆ. ಆ ಕಟ್ಟಡದ ಆರ್ಕಿಟೆಕ್ಟು ನನ್ನನ್ನು ಹಳ್ಳಿಯ ಚಿಕ್ಕಮ್ಮನನ್ನು ನೋಡುವಂತೆ ನೋಡಿದ.

ದೇಶಮುಖರು ನಿವೃತ್ತರಾದರು. ನನ್ನ ಸಾಲಿಗೆ ಗೆರೆ ಎಳೆಯುವವರು ಇಲ್ಲವಾದರು, ಆದರೆ ಓದುವವರೂ ಇರಲಿಲ್ಲ. ಅಷ್ಟರಲ್ಲಿ ಹೊರದೇಶದವರು ಪ್ರಶ್ನೆಯನ್ನೇ ಬದಲಾಯಿಸಿದರು. ಚಿಮ್ನಿಯದು ಮಾತ್ರ ಸಾಲದು, ಕೊಂಡ ಕರೆಂಟಿನ ಹಿಂದಿರುವ ಇಂಗಾಲವನ್ನೂ ಕೂಡಿಸಿ ಎಂದರು. ನಾನು ಕಾಯುತ್ತಿದ್ದ ಬದಲಾವಣೆ ಅದು. ಬಂದಾಗ ಅದರ ಕತ್ತಿ ಬಿದ್ದದ್ದು ಈರಣ್ಣನ ಕುತ್ತಿಗೆಯ ಮೇಲೆ. ಸೊನ್ನೆಯ ಹತ್ತಿರವಿದ್ದ ಅವರ ಅಂಕಿ ಒಮ್ಮೆಗೇ ಮೇಲೇರಿತು. ಚಾಕಣದ ಕಡೆಯ ದೊಡ್ಡ ಎರಕದ ಕಾರ್ಖಾನೆಗಳು ಎಲ್ಲೋ ದೂರದ ಬಯಲಿನಲ್ಲಿ ತಯಾರಾಗುವ ಬಿಸಿಲಿನ ಕರೆಂಟನ್ನು ಸಗಟಾಗಿ ಕೊಂಡು ಪಾರಾದವು. ಅಷ್ಟು ಕೊಳ್ಳುವ ಶಕ್ತಿ ಸಣ್ಣ ಫೌಂಡ್ರಿಗೆ ಎಲ್ಲಿಂದ ಬರಬೇಕು? ತಗಡಿನ ಮೇಲೆ ಸೋಲಾರ್ ಹಾಕಿಸಿದೆವು. ಅದರಿಂದ ದೀಪ, ಫ್ಯಾನು ನಡೆದವು, ಭಟ್ಟಿ ನಡೆಯಲಿಲ್ಲ. ಅಕ್ಕಪಕ್ಕದ ಫೌಂಡ್ರಿಗಳನ್ನು ಕೂಡಿಸಿ ಒಟ್ಟಾಗಿ ಕೊಳ್ಳಿಸಲು ಓಡಾಡಿದೆ. ಕಪ್ಪೆ ತಕ್ಕಡಿಗೆ ಹಾಕಿದ ಹಾಗೆ, ಒಬ್ಬರು ಹೂಂ ಅಂದರೆ ಇಬ್ಬರು ಇಲ್ಲ ಅಂದರು.

ಕೊನೆಗೆ ನಾನೇ ಗಿರಾಕಿ ಕಂಪನಿಯ ಅಧಿಕಾರಿಯ ಹತ್ತಿರ ಹೋದೆ. ಒಳ್ಳೆಯ ಹುಡುಗ, ಎದ್ದು ನಿಂತು ಕುರ್ಚಿ ಕೊಟ್ಟ. ಈರಣ್ಣನ ಫೌಂಡ್ರಿಗೆ ಸ್ವಲ್ಪ ಕಾಲಾವಕಾಶ ಕೊಡಿ ಎಂದು ಕೇಳಿದೆ. ಅವನು ಕಂಪ್ಯೂಟರು ತಿರುಗಿಸಿ ಚಾಕಣದ ಕಾರ್ಖಾನೆಯ ಅಂಕಿ ತೋರಿಸಿದ, ಟನ್ನಿನ ಲೆಕ್ಕದಲ್ಲಿ ಈರಣ್ಣನದಕ್ಕಿಂತ ಎಷ್ಟೋ ಕಡಿಮೆ. "ಆ ಕಾರ್ಖಾನೆ ಒಟ್ಟು ಬಿಡುವ ಇಂಗಾಲ ಈರಣ್ಣನಂಥವರ ನೂರಾರು ಫೌಂಡ್ರಿಗಿಂತ ಹೆಚ್ಚು, ಅದನ್ನು ನೋಡಿದ್ದೀರಾ?" ಎಂದೆ. ಅವನು ಸ್ವಲ್ಪ ಹೊತ್ತು ಹುಡುಕಿ, ಪ್ರಾಮಾಣಿಕವಾಗಿ ಹೇಳಿದ: "ಅದನ್ನು ನಮ್ಮನ್ನು ಯಾರೂ ಕೇಳ್ತಿಲ್ಲ ಮೇಡಂ."

ಆ ಸುದ್ದಿ ಹೇಳಲು ಭೋಸರಿಗೆ ಹೋದಾಗ ಈರಣ್ಣ ಭಟ್ಟಿಯ ಮುಂದೆಯೇ ನಿಂತಿದ್ದರು. ಎಲ್ಲ ಕೇಳಿಕೊಂಡು, "ಹಳೇ ಭಟ್ಟಿ ಹಚ್ಚಲೇನ್ರಿ ಅಕ್ಕಾರ? ವಾರಕ್ಕ ಎರಡ ದಿನ, ಅಪ್ಪನ ಕಾಲದಂಗ. ಪಂಪಿನ ಮಾಲ ಅಷ್ಟ ಮಾಡ್ಕೊಂಡು ಇರ್ತೇನಿ" ಎಂದರು. ಹಳೆಯ ಭಟ್ಟಿ ಎಲ್ಲಿತ್ತು? ಅದು ಕರಗಿ ಯಾವಾಗಲೋ ಯಾರದೋ ಗಾಡಿಯ ಬ್ರೇಕಾಗಿ ಹೋಗಿತ್ತು. ಪಂಪಿನ ಗಿರಾಕಿಗಳನ್ನು, ದೊಡ್ಡ ಆರ್ಡರಿನ ಭರದಲ್ಲಿ, ಕೊಲ್ಹಾಪುರದವರಿಗೆ ಬಿಟ್ಟುಕೊಟ್ಟಾಗಿತ್ತು. ಇಬ್ಬರಿಗೂ ಇದು ಗೊತ್ತಿತ್ತು. ಏನೋ ಒಂದು ಹೇಳಿ ಹೊರಗೆ ಬಂದೆ.

ಫೌಂಡ್ರಿ ಮುಚ್ಚಿತು. ಸಿದ್ದಪ್ಪ ಮತ್ತು ಇನ್ನಷ್ಟು ಜನ ಚಾಕಣದ ಆ ದೊಡ್ಡ ಕಾರ್ಖಾನೆಗೇ ಗುತ್ತಿಗೆ ಕೆಲಸಕ್ಕೆ ಸೇರಿ, ಅಲ್ಲಿ ಅದೇ ಬ್ರೇಕಿನ ತುಂಡುಗಳನ್ನು ಎರೆಯುತ್ತಿದ್ದಾರೆ. ಮಾಲೂ ಅದೇ, ಕೈಗಳೂ ಅವೇ. ಸ್ವಲ್ಪ ಕಾಲದಲ್ಲಿ ನಾನೂ ನಿವೃತ್ತಳಾದೆ.

ಈಚೆಗೆ ನನ್ನ ಹಳೆಯ ಆಫೀಸಿನಿಂದ ಫೋನು ಬಂತು. ಹೊಸದಾಗಿ ಸೇರಿದ ಬೆಂಗಳೂರಿನ ಎಂಜಿನಿಯರ್, ಮೇಘನಾ ಎಂದು ಹೆಸರು.

"ಸಾರಿ ಮ್ಯಾಮ್, ಡಿಸ್ಟರ್ಬ್ ಮಾಡ್ತಿದೀನಿ. ಭೋಸರಿ ಯೂನಿಟ್‌ಗಳದ್ದು ಹಳೇ ಡೇಟಾ ಎಲ್ಲ ಸೇರಿಸಿ ಒಂದು ರಿಪೋರ್ಟ್ ಮಾಡ್ತಾ ಇದೀನಿ. ಈಗ ಟೋಟಲ್ ಕೂಡ ಕೇಳ್ತಿದಾರೆ. ನೀವು ಆಡಿಟ್ ಮಾಡಿರೋ ಯೂನಿಟ್‌ಗಳಲ್ಲಿ ಪರ್ ಟನ್ ಎಲ್ಲಾದ್ರದ್ದೂ ಕಮ್ಮಿ ಆಗಿದೆ, ಬಟ್ ಟೋಟಲ್ ಎಲ್ಲಾದ್ರದ್ದೂ ಜಾಸ್ತಿನೇ. ಒಂದೇ ಒಂದು ಫೌಂಡ್ರಿದು ಮಾತ್ರ ಫುಲ್ ಡೌನ್ ಆಗಿದೆ. ಅದನ್ನ ಸಕ್ಸೆಸ್ ಸ್ಟೋರಿ ಅಂತ ಹಾಕೋಣ ಅಂತ ನಮ್ಮ ಸರ್ ಅಂತಿದಾರೆ. ಅಲ್ಲಿ ಏನ್ ಮಾಡಿದ್ರಿ ಮ್ಯಾಮ್?"

ಯಾವ ಫೌಂಡ್ರಿ ಎಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ. ಅವಳು ಈರಣ್ಣನ ಫೌಂಡ್ರಿಯ ಹೆಸರು ಹೇಳಿದಳು. ಅದು ಮುಚ್ಚಿಹೋಗಿದೆಯಮ್ಮ ಎಂದೆ. ಅವಳು ಮೆಲ್ಲಗೆ, "ಡೇಟಾದಲ್ಲಿ ಅದು ಗೊತ್ತೇ ಆಗಲ್ಲ ಮ್ಯಾಮ್" ಎಂದಳು. ಅವಳನ್ನು ಬೈಯುವುದರಲ್ಲಿ ಅರ್ಥವಿಲ್ಲ, ಅವಳು ಗೇಟಿನವರೆಗೂ ಹೋದವಳಲ್ಲ. ಈ ಕೆಲಸಕ್ಕೆ ಬರುವವರಿಗೆ ನನ್ನದೊಂದು ಮಾತು: ಟನ್ನಿಗೆ ಎಷ್ಟು ಎಂದು ಕೇಳಿ, ಒಟ್ಟು ಎಷ್ಟು ಎಂದೂ ಕೇಳಿ. ಒಟ್ಟು ಇಳಿದಿದ್ದು ಕಂಡರೆ ಹಿಗ್ಗುವ ಮೊದಲು ಒಂದು ಸಲ ಅಲ್ಲಿಗೆ ಹೋಗಿ ಬನ್ನಿ.

ಮರುದಿನ ನಾನೇ ಹೋದೆ. ಫೌಂಡ್ರಿಯ ಶೆಡ್ಡನ್ನು ಈಗ ಪಾರ್ಸೆಲ್ ಕಂಪನಿಯೊಂದಕ್ಕೆ ಬಾಡಿಗೆಗೆ ಕೊಟ್ಟಿದ್ದಾರೆ. ಭಟ್ಟಿ ಇದ್ದ ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಏರಿದ್ದವು. ಈರಣ್ಣ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ದಿನಾ ಬಂದು ಕೂಡುತ್ತಾರಂತೆ, ಮನೆಯಲ್ಲಿದ್ದರೆ ಹೊತ್ತು ಹೋಗುವುದಿಲ್ಲ ಎಂದರು. ಇನ್ನೊಂದು ಕುರ್ಚಿ ತರಿಸಿ, ಚಹಾ ಹೇಳಿದರು. ಮೇಘನಾಳ ಫೋನಿನ ವಿಷಯ ಅವರಿಗೆ ಹೇಳಬಾರದೆಂದೇ ಹೋಗಿದ್ದೆ, ಆದರೆ ಅವರ ಎದುರು ಕೂತು ಬೇರೆ ಮಾತಾಡಲು ನನ್ನಿಂದಾಗಲಿಲ್ಲ. ನಾನು ಅಳೆದ ಇಷ್ಟು ಕಾರ್ಖಾನೆಗಳಲ್ಲಿ ಒಟ್ಟು ಇಂಗಾಲ ಇಳಿದದ್ದು ನಿಮ್ಮದೊಂದರಲ್ಲೇ ಅಂತ, ಈರಣ್ಣನವ್ರ, ಎಂದು ಹೇಳಿಬಿಟ್ಟೆ.

ಅವರು ಪೆಟ್ಟಿಗೆಗಳ ಕಡೆ ಒಮ್ಮೆ ತಿರುಗಿ ನೋಡಿ, ನನ್ನ ಕಡೆ ನೋಡಿ ನಕ್ಕರು.

"ಹಂಗಾರ ಕಡೀಕ ನಾ ಪಾಸ್ ಆದೆ ಅನ್ರಿ ಅಕ್ಕಾರ."

ನಾನು ವರ್ಷವರ್ಷವೂ ವರದಿಯ ಕೊನೆಗೆ ಬರೆಯುತ್ತಿದ್ದ ಆ ಸಾಲಿನ ಲೆಕ್ಕದ ಪ್ರಕಾರ ಅವರು ಹೇಳಿದ್ದು ಸರಿಯಾಗಿತ್ತು.